ಮುದ್ದಕ್ಕನ ಇಂಗ್ಲಿಷ್ ಪ್ಲೇಟು

ಮುದ್ದಕ್ಕ ಅಡುಗೆ ಕೆಲಸಕ್ಕೆಂದು ಚಿತ್ರದುರ್ಗಕ್ಕೆ ಬಂದಾಗ ಅವಳಿಗೆ ಮೂವತ್ತೈದಾಗಿತ್ತು. ಹುಟ್ಟಿದ್ದು ಹಿರಿಯೂರು ಸೀಮೆಯ ಯಲ್ಲದಕೆರೆಯಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಕೊಟ್ಟಿದ್ದು ಹೊಳಲ್ಕೆರೆ ಕಡೆಯ ತಾಳ್ಯಕ್ಕೆ. ಹದಿನಾಲ್ಕು ವರ್ಷ ಬಾಳ್ವೆ ಮಾಡಿದರೂ ಮಕ್ಕಳಾಗಲಿಲ್ಲ. ಗಂಡ ಉಗ್ರಪ್ಪ ಕೆಟ್ಟವನೇನಲ್ಲ, ಒಂದು ದಿನವೂ ಅವಳ ಮೇಲೆ ಕೈಯೆತ್ತಿದವನಲ್ಲ. ಆದರೆ ಅವನು ಇನ್ನೊಬ್ಬಳನ್ನು ಕಟ್ಟಿಕೊಂಡು ಬಂದ ಮೇಲೆ ಆ ಮನೆಯಲ್ಲಿ ತನ್ನ ಚಾಪೆಯನ್ನು ಎಲ್ಲಿ ಹಾಸಬೇಕೆಂಬುದೇ ಮುದ್ದಕ್ಕನಿಗೆ ತಿಳಿಯದಾಯಿತು. ಒಂದು ಬೆಳಿಗ್ಗೆ ಎರಡು ಸೀರೆ ಗಂಟು ಕಟ್ಟಿಕೊಂಡು ತವರಿಗೆ ಹೋದಳು. ಅಲ್ಲಿ ಅಣ್ಣ ಮುದ್ದಪ್ಪ ಬಾ ಅಂದ. ಅತ್ತಿಗೆಯೂ ಏನೂ ಅನ್ನಲಿಲ್ಲ. ಆದರೆ ಊಟಕ್ಕೆ ಕೂತಾಗ ಇವಳ ತಟ್ಟೆಗೆ ಮುದ್ದೆ ಇಡುವ ಮುಂಚೆ ಅತ್ತಿಗೆಯ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. ಅಷ್ಟೇ. ಮುದ್ದಕ್ಕನಿಗೆ ಅಷ್ಟು ಸಾಕಾಯಿತು.

ಚಿತ್ರದುರ್ಗದಲ್ಲಿ ಆಗ ತಾಮ್ರದ ಅದಿರು ಹುಡುಕುವವರ ಒಂದು ಸರ್ವೆ ಕ್ಯಾಂಪ್ ಇತ್ತು. ಕೋಟೆಯ ಬಂಡೆಗಳು ಹಿತ್ತಲಿಗೇ ಇಳಿದು ಬಂದಂತಿದ್ದ ಒಂದು ಹಂಚಿನ ಮನೆಯಲ್ಲಿ ಮೂವರು ಅಧಿಕಾರಿಗಳಿದ್ದರು. ಅವರಿಗೆ ಅಡುಗೆ ಮಾಡಿ ಹಾಕಿ, ಹಿಂಬದಿಯ ಚಿಕ್ಕ ಕೋಣೆಯಲ್ಲಿ ಇರುವುದು ಮುದ್ದಕ್ಕನ ಕೆಲಸ. ಮೂವರಲ್ಲಿ ಇಬ್ಬರು ಸಂಸಾರಸ್ಥರು. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಬಸ್ಸು ಹತ್ತಿದರೆ ಮತ್ತೆ ಸೋಮವಾರವೇ ಬರುವುದು. ಮೂರನೆಯವನು ಎಲ್ಲಿಗೂ ಹೋಗುತ್ತಿರಲಿಲ್ಲ. ಅವನ ಹೆಸರು ರಾಬಿನ್. ಕೋಲಾರದ ಚಿನ್ನದ ಗಣಿ ಕಡೆಯ ಆಂಗ್ಲೋ-ಇಂಡಿಯನ್. ಇಪ್ಪತ್ತಾರು ವರ್ಷ. ತಂದೆ ತಾಯಿ ತೀರಿಕೊಂಡಿದ್ದರು. ಇದ್ದೊಬ್ಬ ಅಕ್ಕ ಇಂಗ್ಲೆಂಡಿನಲ್ಲಿ ನರ್ಸಾಗಿದ್ದಳು.

ಸಾವಿರದ ಒಂಬೈನೂರ ಎಪ್ಪತ್ತೊಂದರ ಚಳಿಗಾಲದಲ್ಲಿ ಆ ಅಕ್ಕ ಕಳಿಸಿದ ಒಂದು ಪಾರ್ಸೆಲ್ ಬಂತು. ಅಗಲವಾಗಿ, ಚಪ್ಪಟೆಯಾಗಿ, ಹೋಳಿಗೆ ಕಲ್ಲಿನಷ್ಟು ದೊಡ್ಡದಾಗಿತ್ತು. ರಾಬಿನ್ ಅದನ್ನು ಚಾಕುವಿನಲ್ಲಿ ಮೆಲ್ಲಗೆ ಬಿಚ್ಚಿ, ಒಳಗಿದ್ದ ಹಾಡಿನ ಕಪ್ಪು ಪ್ಲೇಟನ್ನು ಅಂಚು ಹಿಡಿದು ಹೊರಗೆ ತೆಗೆದ. ಅವನ ಬಳಿ ಸೂಟ್‌ಕೇಸಿನಂತೆ ಮುಚ್ಚಳ ತೆರೆಯುವ ಒಂದು ಪ್ಲೇಯರ್ ಇತ್ತು. ಆ ಸಂಜೆ ಮುದ್ದಕ್ಕ ಒಲೆ ಮುಂದೆ ಕೂತು ಹುರುಳಿಕಾಳು ಬೇಯಿಸುತ್ತಿದ್ದಾಗ ನಡುಮನೆಯಿಂದ ಯಾರೋ ಅಂಗೈಯಲ್ಲಿ ಬಾಗಿಲು ಬಡಿದ ಸದ್ದು ಕೇಳಿಸಿತು. ಅವಸರವಿಲ್ಲದೆ, ಒಳಗೆ ಜನ ಇದ್ದಾರೆಂದು ಗೊತ್ತಿದ್ದು ಬಡಿಯುವವರ ಹಾಗೆ. ಎದ್ದು ಹೋಗಿ ಬಾಗಿಲು ತೆಗೆದರೆ ಹೊರಗೆ ಯಾರೂ ಇಲ್ಲ. ಆ ಬಡಿತ ಪ್ಲೇಟಿನದು. ಅದರ ಬೆನ್ನಿಗೇ ದಪ್ಪ ತಂತಿಯ ಸದ್ದು ಸೇರಿತು. ಆಮೇಲೆ ನೆಗಡಿಯಾದವನಂಥ ಗಂಟಲಿನಲ್ಲಿ ಒಬ್ಬ ಕೂಗತೊಡಗಿದ.

ಮುದ್ದಕ್ಕ ಬಾಗಿಲಲ್ಲೇ ನಿಂತು ಕಿವಿಗೆ ಸೆರಗು ಒತ್ತಿಕೊಂಡಳು.

"ಜಾಸ್ತಿ ಸೌಂಡಾಯ್ತಾ ಮುದ್ದಕ್ಕ?" ಎಂದು ರಾಬಿನ್ ಕೇಳಿದ. ಅವನ ಕನ್ನಡದಲ್ಲಿ ತಮಿಳಿನ ಎಳೆತ ಇತ್ತು.

"ಹಾಡಂದ್ರೆ ಹಾಡಿನಂಗಿರಬೇಕು ಸಾರ್. ಇದೇನಿದು, ಯಾರೋ ಜಗಳಕ್ಕೆ ಬಂದಂಗೈತೆ," ಎಂದಳು.

ಅವನು ನಕ್ಕು ಸದ್ದು ಕಡಿಮೆ ಮಾಡಿದ. ಆದರೆ ಮರುದಿನವೂ ಹಾಕಿದ. ಅದರ ಮರುದಿನವೂ ಹಾಕಿದ. ಅವನಿಗೆ ಬೇರೆ ಪ್ಲೇಟುಗಳೂ ಇದ್ದವು; ಅವನ್ನೆಲ್ಲ ಬದಿಗಿಟ್ಟು ದಿನವೂ ಸಂಜೆ ಬೂಟು ಬಿಚ್ಚಿ, ಮುಖ ತೊಳೆದು, ಇದೊಂದನ್ನೇ ಹಾಕಿಕೊಂಡು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದ. ಉಳಿದಿಬ್ಬರು ಅಧಿಕಾರಿಗಳು ಬೇಸತ್ತು ಅಂಗಳಕ್ಕೆ ಹೋಗಿ ಇಸ್ಪೀಟು ಹಾಕುತ್ತಿದ್ದರು. ಅಡುಗೆಮನೆ ಬಿಟ್ಟು ಹೋಗುವಂತಿಲ್ಲದ ಮುದ್ದಕ್ಕ ಬೇಕೋ ಬೇಡವೋ ಕೇಳಿದಳು.

ಯಾವ ದಿನ ಅದು ಅವಳಿಗೆ ಹಿಡಿಸಿತೆಂದು ಅವಳಿಗೇ ಹೇಳಲು ಬರುತ್ತಿರಲಿಲ್ಲ. ಅವಳ ಅಪ್ಪ ಚಿತ್ತಯ್ಯ ಕುರಿ ಮೇಯಿಸುತ್ತ ಗಣೆ ಊದುತ್ತಿದ್ದವನು. ಆಳುದ್ದದ ಆ ಬಿದಿರಿನ ಕೊಳಲಿನ ಸದ್ದು ಕೇಳುತ್ತಲೇ ಅವಳು ಬೆಳೆದದ್ದು. ಇದನ್ನು ಕೇಳಿದಾಗ ಅಪ್ಪನ ನೆನಪಾಯಿತು ಎಂದರೆ ಸುಳ್ಳಾಗುತ್ತದೆ. ಅವಳಿಗೆ ಯಾರ ನೆನಪೂ ಆಗುತ್ತಿರಲಿಲ್ಲ. ಅದೇ ಅವಳಿಗೆ ಸುಖವೆನಿಸಿತು. ತಾಳ್ಯವಿಲ್ಲ, ಯಲ್ಲದಕೆರೆಯಿಲ್ಲ, ಅತ್ತಿಗೆಯ ಕೈಯಿಲ್ಲ. ಎರಡನೆಯ ಹಾಡಿನಲ್ಲಿ ಒಂದು ಕಡೆ ಎಲ್ಲ ವಾದ್ಯಗಳೂ ಒಟ್ಟಿಗೆ ತಟ್ಟನೆ ನಿಂತುಬಿಡುತ್ತಿದ್ದವು. ಒಂದು ಉದ್ದ ಉಸಿರು ಎಳೆದು ಬಿಡುವಷ್ಟು ಹೊತ್ತು ಏನೂ ಇಲ್ಲ. ಮೊದಲ ಸಲ ಕರೆಂಟು ಹೋಯಿತೆಂದೇ ತಿಳಿದು ಸೀಮೆಎಣ್ಣೆ ದೀಪ ಹುಡುಕಿದ್ದಳು. ಅಷ್ಟರಲ್ಲಿ ಡ್ರಮ್ಮಿನ ಒಂದೇ ಒಂದು ಏಟು, ಮತ್ತೆ ಎಲ್ಲವೂ ಒಟ್ಟಿಗೆ ಎದ್ದು ಹೊರಟವು. ದಿನ ಕಳೆದಂತೆ ಆ ನಿಲ್ಲುವ ಜಾಗ ಬರುವಾಗ ಅವಳು ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ಕಾಯತೊಡಗಿದಳು.

ಒಂದು ಶನಿವಾರ, ಮನೆಯಲ್ಲಿ ಇಬ್ಬರೇ ಇದ್ದಾಗ, ಅವಳು ಹೊಸಿಲ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತ ಕೇಳಿದಳು. "ಇವ್ರು ಯಾರು ಸಾರ್? ಏನಂತ ಹಾಡ್ತಾರೆ?"

ರಾಬಿನ್‌ಗೆ ಖುಷಿಯಾಯಿತು. "ನಾಲ್ಕು ಜನ ಹುಡುಗರು. ಕಾರ್ಖಾನೆ ಊರಿನವರು. ಇದು ಅವರ ಮೊದಲನೇ ರೆಕಾರ್ಡು. ಮೂರೇ ದಿನದಲ್ಲಿ ಮುಗಿಸಿದರಂತೆ, ತಪ್ಪಾದರೂ ತಿದ್ದೋಕೆ ಟೈಮ್ ಇರಲಿಲ್ಲ. ಮೊದಲನೇ ಹಾಡಲ್ಲಿ ಏನು ಹೇಳ್ತಾನೆ ಅಂದ್ರೆ, ಬೆಳಿಗ್ಗೆ ಸೈರನ್ ಕೂಗ್ತದೆ, ನಾನು ಏಳೋದಿಲ್ಲ ಅಂತಾನೆ."

"ಆಮೇಲೆ?"

"ಅಷ್ಟೇ. ಏಳೋದಿಲ್ಲ, ಏಳೋದಿಲ್ಲ ಅಂತಾನೆ."

ಮುದ್ದಕ್ಕನಿಗೆ ಪೆಚ್ಚೆನಿಸಿತು. "ಇಷ್ಟೇನಾ? ಇಷ್ಟಕ್ಕೆ ಅಷ್ಟು ಕೂಗ್ತಾನಾ?" ಎಂದಳು. ಒಂದು ಹಿಡಿ ಸಿಪ್ಪೆ ಆಚೆಗೆಸೆದು, "ಉಳಿದಿದ್ದು ಹೇಳಬ್ಯಾಡಿ ಸಾರ್. ನಂಗೆ ತಿಳಿದಂಗೇ ಇರ್ಲಿ," ಎಂದಳು.

ಮುಂದಿನ ವರ್ಷ ಇಂಗ್ಲೆಂಡಿನಿಂದ ಅದೇ ಹುಡುಗರ ಎರಡನೆಯ ಪ್ಲೇಟು ಬಂತು. ಅಷ್ಟರಲ್ಲಿ ಅವರಿಗೆ ದೊಡ್ಡ ಹೆಸರು ಬಂದಿತ್ತಂತೆ. ರಾಬಿನ್ ಹಬ್ಬದ ದಿನದಂತೆ ಸ್ನಾನ ಮಾಡಿ ಕೂತು ಅದನ್ನು ಹಾಕಿದ. ಮುದ್ದಕ್ಕ ಕರೆಯದೆಯೇ ಬಂದು ಹೊಸಿಲ ಮೇಲೆ ಕೂತಳು. ಪಿಟೀಲುಗಳಿದ್ದವು, ಹಿಂದೆ ಹಾಡುವ ಹೆಂಗಸರಿದ್ದರು. ಕೂಗುವವನ ನೆಗಡಿ ವಾಸಿಯಾಗಿತ್ತು. ಎರಡು ಮಗ್ಗುಲೂ ಮುಗಿದ ಮೇಲೆ ರಾಬಿನ್ ಅವಳ ಕಡೆ ತಿರುಗಿದ.

"ಹೆಂಗಿದೆ?" ಎಂದು ಕೇಳಿದ.

"ಚೆನ್ನಾಗೈತೆ ಸಾರ್. ಆದ್ರೆ ನಾವು ಕೇಳ್ತಾ ಕುಂತಿದೀವಿ ಅಂತ ಇವ್ರಿಗೆ ಗೊತ್ತಾಗಿಬಿಟ್ಟೈತೆ."

ರಾಬಿನ್ ಅವಳನ್ನೇ ದಿಟ್ಟಿಸಿ ನೋಡಿದ. ಆಮೇಲೆ ಎದ್ದು ಹೊಸ ಪ್ಲೇಟನ್ನು ತೆಗೆದು ಹಳೆಯದನ್ನು ಹಾಕಿದ. ಬಾಗಿಲು ಬಡಿದ ಸದ್ದು ಶುರುವಾಯಿತು. ಅಂದಿನಿಂದ ಶನಿವಾರಗಳಲ್ಲಿ ಅವನು ಕುರ್ಚಿಯಲ್ಲಿ, ಅವಳು ಹೊಸಿಲಲ್ಲಿ ಕೂತು ಎರಡು ಮಗ್ಗುಲನ್ನೂ ಪೂರ್ತಿ ಕೇಳುವುದು ರೂಢಿಯಾಯಿತು. ಇಬ್ಬರಿಗೂ ಮಾತಿನ ಅಗತ್ಯ ಬೀಳುತ್ತಿರಲಿಲ್ಲ. ಕೊನೆಯ ಹಾಡು ಬಲು ನಿಧಾನದ್ದು. ಒಂದೇ ತಂತಿಯನ್ನು ಎಳೆದು ಎಳೆದು ಬಿಡುತ್ತಿದ್ದರು. ಅದು ಮುಗಿದು ಮುಳ್ಳಿನಡಿ ಪ್ಲೇಟು ಬರಿದೇ ಸುತ್ತುವಾಗ ಮುದ್ದಕ್ಕ ಎದ್ದು ದೀಪ ಹಚ್ಚುತ್ತಿದ್ದಳು.

ಎಪ್ಪತ್ಮೂರರ ಬೇಸಿಗೆಯಲ್ಲಿ ರಾಬಿನ್‌ಗೆ ಬಿಹಾರದ ಕಡೆಗೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಅವನು ಸಾಮಾನು ಕಟ್ಟುತ್ತಿದ್ದಾಗ ಮುದ್ದಕ್ಕ ಬಂದು ಕಂಬಕ್ಕೆ ಒರಗಿ ನಿಂತಳು. ಹುಟ್ಟಿದಾಗಿನಿಂದ ಅವಳು ಯಾರನ್ನೂ ಏನನ್ನೂ ಕೇಳಿದವಳಲ್ಲ. ತಾಳ್ಯ ಬಿಟ್ಟು ಬರುವಾಗ ತನ್ನದೇ ಹಿತ್ತಾಳೆ ಚೊಂಬನ್ನೂ ಕೇಳಿರಲಿಲ್ಲ.

"ಸಾರ್, ಆ ಪ್ಲೇಟು ನಂಗೆ ಕೊಡ್ತೀರಾ?"

"ಯಾವುದು? ನಮ್ಮದಾ?" ಎಂದ ರಾಬಿನ್. ಅವನ ಬಾಯಿಂದ 'ನಮ್ಮದು' ಎಂದೇ ಬಂತು. "ನಿಮ್ಮ ಹತ್ತಿರ ಮಿಷಿನ್ ಇಲ್ಲವಲ್ಲ ಮುದ್ದಕ್ಕ. ಇಟ್ಕೊಂಡು ಏನ್ ಮಾಡ್ತೀರಿ?"

"ಇರ್ಲಿ."

ಅವನು ಸ್ವಲ್ಪ ಹೊತ್ತು ಪ್ಲೇಟನ್ನು ಕೈಯಲ್ಲೇ ಹಿಡಿದು ಕೂತಿದ್ದ. ಮತ್ತೊಂದನ್ನು ಅಕ್ಕ ಕಳಿಸಬಹುದು ಎಂದು ತನಗೆ ತಾನೇ ಹೇಳಿಕೊಂಡಂತೆ ಹೇಳಿ ಕೊಟ್ಟ. ಅಂಚು ಹಿಡಿಯುವುದು ಹೇಗೆ, ಹತ್ತಿಯಿಂದ ಒರೆಸುವುದು ಹೇಗೆ, ಬಿಸಿಲು ಬೀಳದಂತೆ ನಿಲ್ಲಿಸಿ ಇಡುವುದು ಹೇಗೆ ಎಂದೆಲ್ಲ ತೋರಿಸಿದ. ಆ ವರ್ಷದ ಕೊನೆಗೆ ಅವನಿಂದ ಹೊಸ ವರ್ಷದ ಒಂದು ಕಾರ್ಡು ಬಂತು. ಆಫೀಸಿನ ಗುಮಾಸ್ತರು ಓದಿ ಹೇಳಿದರು. ಆಮೇಲೆ ಏನೂ ಬರಲಿಲ್ಲ.

ಅವನು ಹೋದ ಆರೇಳು ತಿಂಗಳಿಗೆ ಕ್ಯಾಂಪೇ ಮುಚ್ಚಿತು. ಮುದ್ದಕ್ಕನಿಗೆ ಹೊಸದುರ್ಗದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡುಗೆಯ ಕೆಲಸ ಸಿಕ್ಕಿತು. ನಲವತ್ತೆರಡು ಹುಡುಗಿಯರು. ಬೆಳಗಾಗುವ ಮುಂಚೆ ಉಪ್ಪಿಟ್ಟು, ಮಧ್ಯಾಹ್ನ ಅನ್ನ, ಸಂಜೆ ಮುದ್ದೆ. ಹುಡುಗಿಯರು ಸದಾ ಗಲಗಲ ಎನ್ನುತ್ತಿದ್ದರು, ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಆದರೆ ತಟ್ಟೆ ತೊಳೆದಿಟ್ಟು ಅವರು ಓದಲು ಕೂತರೆಂದರೆ ಅಡುಗೆಮನೆಯ ಕಡೆ ಯಾರೂ ಸುಳಿಯುತ್ತಿರಲಿಲ್ಲ. ಪ್ಲೇಟು ಅವಳ ಟ್ರಂಕಿನಲ್ಲಿ ಎರಡು ಸೀರೆಗಳ ನಡುವೆ ಇತ್ತು. ಅದನ್ನು ತೆಗೆದು ನೋಡಿ ಏನು ಮಾಡುವುದು? ಕೆಲವು ಸಲ ಬೆಳಕಿಗೆ ಹಿಡಿದು ಗೆರೆಗಳನ್ನು ನೋಡುತ್ತಿದ್ದಳು. ಎರಡನೆಯ ಹಾಡಿನ ಆ ನಿಲ್ಲುವ ಜಾಗ ಯಾವ ಗೆರೆಯಲ್ಲಿದ್ದೀತು ಎಂದು ಬೆರಳು ತಾಗಿಸದೆ ಹುಡುಕುತ್ತಿದ್ದಳು.

ಪೇಟೆಯಲ್ಲಿ ಜಂಪಣ್ಣನ ಮೈಕ್ ಸೆಟ್ ಅಂಗಡಿ ಇತ್ತು. ಮದುವೆ, ನಾಮಕರಣ, ಚುನಾವಣೆ ಯಾವುದಿದ್ದರೂ ಹೊಸದುರ್ಗದ ಸುತ್ತಮುತ್ತ ಅವನದೇ ಹಾರ್ನು ಕೂಗಬೇಕು. ಐವತ್ತು ದಾಟಿದ, ದಪ್ಪ ಮೀಸೆಯ, ಮಾತು ಕಡಿಮೆಯ ಮನುಷ್ಯ. ಒಂದು ದಿನ ಧೈರ್ಯ ಮಾಡಿ ಮುದ್ದಕ್ಕ ಪ್ಲೇಟನ್ನು ಟವೆಲಿನಲ್ಲಿ ಸುತ್ತಿಕೊಂಡು ಅವನ ಅಂಗಡಿಗೆ ಹೋದಳು. ಸಂತೆಯ ದಿನ, ಬೀದಿ ತುಂಬ ಜನ. ಬೇರೆ ದಿನ ಹಾಸ್ಟೆಲಿನಿಂದ ಅವಳಿಗೆ ಬಿಡುವಿರಲಿಲ್ಲ.

"ಅಣ್ಣಾ, ಇದನ್ನೊಂದು ಸಲ ಹಾಕ್ತೀರಾ?"

ಜಂಪಣ್ಣ ಪ್ಲೇಟಿನ ರಟ್ಟಿನ ಹೊದಿಕೆಯನ್ನು ತಿರುಗಿಸಿ ನೋಡಿದ. "ಇಂಗ್ಲಿಷ್ ಪ್ಲೇಟು ನಿಂಗೆಲ್ಲಿ ಸಿಕ್ತಮ್ಮ?"

"ಒಬ್ರು ಸಾಯೇಬ್ರು ಕೊಟ್ರು."

ಹಾರ್ನಿಗೆ ಆಗಲೇ ತಂತಿ ಕೊಟ್ಟಿತ್ತು. ಬೆಳಿಗ್ಗೆಯಿಂದ ಅಂಗಡಿಯ ಜಾಹೀರಾತಿಗೆಂದು ಸಿನಿಮಾ ಹಾಡು ಹಾಕುತ್ತಿದ್ದ. ಅದನ್ನು ತೆಗೆದು ಇವಳದ್ದನ್ನು ಇಟ್ಟು ಮುಳ್ಳು ಬಿಟ್ಟ. ಮಿಷಿನ್ನಿನ ವೇಗ, ಜೋರಾಗಿ ಸುತ್ತುವ ಹಳೆಯ ಪ್ಲೇಟುಗಳ ಲೆಕ್ಕಕ್ಕೇ ಇತ್ತು. ಬಾಗಿಲು ಬಡಿಯುವ ಸದ್ದು ಇಲಿ ಓಡಿದ ಹಾಗೆ ಪಟಪಟ ಎಂದಿತು. ಹಾಡುವವನು ಕೀಚು ಗಂಟಲಲ್ಲಿ ಕಿರುಚಿದ. ಬೀದಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಜಂಪಣ್ಣ ತಪ್ಪು ತಿಳಿದು ಗುಂಡಿ ತಿರುಗಿಸಿ ವೇಗ ಇಳಿಸಿದ. ಆಗ ಸರಿಯಾದ ಹಾಡು ಬಂತು. ಆದರೆ ತಗಡಿನ ಹಾರ್ನಿನಲ್ಲಿ, ಸಂತೆಯ ಗದ್ದಲದ ಮೇಲೆ. ನಗುವವರು ನಗುತ್ತಲೇ ಇದ್ದರು. ಕೆಲವರು ಹತ್ತಿರ ಬಂದು, ಹಾಕಿಸಿದವಳು ಇವಳೇ ಎಂದು ತಿಳಿದು, ಅವಳನ್ನು ಮೇಲಿಂದ ಕೆಳಗೆ ನೋಡಿದರು.

ಎದುರಿನ ಬಟ್ಟೆ ಅಂಗಡಿಯ ಗಂಗಾಧರಪ್ಪನವರು ಗಲ್ಲಾ ಬಿಟ್ಟು ಎದ್ದು ಬಂದರು. "ಏನಯ್ಯಾ ಜಂಪಣ್ಣ, ಸಂತೆ ಹೊತ್ತಿನಾಗೆ ಏನಿದು ಅವತಾರ? ಗಿರಾಕಿ ಮಾತು ನಂಗೆ ಕೇಳಿಸ್ತಿಲ್ಲ. ನಿಲ್ಸಯ್ಯಾ!"

ಆಗ ಎರಡನೆಯ ಹಾಡು ನಡೆದಿತ್ತು. ತಟ್ಟನೆ ಎಲ್ಲ ನಿಂತಿತು. ಮುದ್ದಕ್ಕ ಉಸಿರು ಹಿಡಿದಳು. ಡ್ರಮ್ಮಿನ ಏಟು ಬಿತ್ತೋ ಇಲ್ಲವೋ, ಜಂಪಣ್ಣ ಮುಳ್ಳು ಎತ್ತಿಬಿಟ್ಟ. ಅವಳು ಪ್ಲೇಟನ್ನು ಈಸಿಕೊಂಡು, ಟವೆಲಿನಲ್ಲಿ ಸುತ್ತಿ, ತಲೆ ತಗ್ಗಿಸಿಕೊಂಡು ನಡೆದುಬಿಟ್ಟಳು. ಮುಂದೆ ನಾಲ್ಕು ವರ್ಷ ಆ ಬೀದಿ ಹಾದು ಹೋಗಬೇಕಾದಾಗ ಹಿಂದಿನ ಓಣಿಯಿಂದ ಸುತ್ತಿ ಬಳಸಿ ಹೋಗುತ್ತಿದ್ದಳು.

ನಡುವೆ ಒಮ್ಮೆ ಮಾತ್ರ ಆ ಪ್ಲೇಟು ಹಾಡಿತು. ಹಾಸ್ಟೆಲಿನ ವಾರ್ಡನ್ ಕೊಟ್ರಮ್ಮನವರು ಒಳ್ಳೆಯ ಹೆಂಗಸು. ಹೊಳಲ್ಕೆರೆಯಲ್ಲಿದ್ದ ಅವರ ತಮ್ಮ ಮುರುಗಪ್ಪನವರ ಮನೆಯಲ್ಲಿ ಮಗುವಿಗೆ ಹೆಸರಿಡುವ ಕಾರ್ಯವಿತ್ತು. ಅಡುಗೆಗೆ ಕೈ ಬೇಕೆಂದು ಮುದ್ದಕ್ಕನನ್ನು ಕರೆದರು. ಆ ಮನೆಯಲ್ಲಿ ಪ್ಲೇಟು ಹಾಕುವ ರೇಡಿಯೋಗ್ರಾಮ್ ಇದೆ ಎಂದು ಅವಳು ಮಾತಿನ ನಡುವೆ ಕೇಳಿದ್ದಳು. ಪ್ಲೇಟನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದಳು. ಹೊಳಲ್ಕೆರೆ ಹತ್ತಿರವಾದಾಗ ತಾಳ್ಯದ ಕಡೆ ಹೋಗುವವರು ಯಾರೋ ಬಸ್ಸಿನಲ್ಲಿ ಮಾತಾಡುತ್ತಿದ್ದರು. ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು.

ಊಟ ಮುಗಿದು ಹೆಂಗಸರು ನಡುಮನೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದಾಗ ಕೊಟ್ರಮ್ಮನವರ ಬಳಿ ಮೆಲ್ಲಗೆ ಕೇಳಿದಳು. ಅವರಿಗೆ ಆಶ್ಚರ್ಯವಾದರೂ ತಮ್ಮನಿಗೆ ಹೇಳಿದರು. ಮುರುಗಪ್ಪನವರು ಮರದ ಪೆಟ್ಟಿಗೆಯ ಮೇಲಿನ ಕಸೂತಿ ಬಟ್ಟೆ ಸರಿಸಿ, "ಅದಕ್ಕೇನಂತೆ, ಹಾಕಾಣ," ಎಂದು ಪ್ಲೇಟು ಇಟ್ಟರು. ಸದ್ದು ಚೆನ್ನಾಗಿತ್ತು, ಚಿತ್ರದುರ್ಗದಲ್ಲಿ ಕೇಳಿದ್ದಕ್ಕಿಂತಲೂ ದುಂಡಾಗಿತ್ತು. ಯಾರೂ ಗೇಲಿ ಮಾಡಲಿಲ್ಲ. ಆದರೆ ಯಾರೂ ಕೇಳಲೂ ಇಲ್ಲ. ಮಗುವಿನ ಕಿವಿ ಚುಚ್ಚುವ ಮಾತು, ಹೊಸದಾಗಿ ಕೊಂಡ ಹಸುವಿನ ಮಾತು ನಡೆದೇ ಇತ್ತು. ಎರಡನೆಯ ಹಾಡು ನಿಂತ ಜಾಗದಲ್ಲಿ ಮುರುಗಪ್ಪನವರ ಅತ್ತೆ, "ಮುಗೀತೇನೋ. ಸದ್ಯ, ಮಗ ಮಲಗ್ಲಿ," ಎಂದರು. ಮತ್ತೆ ಶುರುವಾದಾಗ ಎಲ್ಲರೂ ನಕ್ಕರು. ಕೊಟ್ರಮ್ಮನವರು ಇವಳ ಮುಖ ನೋಡಿ, ಬೇಕಂತಲೇ ತಲೆದೂಗಿದರು. ಆ ದಯೆ ಮುದ್ದಕ್ಕನಿಗೆ ಇನ್ನಷ್ಟು ಕಷ್ಟವಾಯಿತು. ಒಂದು ಮಗ್ಗುಲು ಮುಗಿಯುತ್ತಲೇ, "ಸಾಕು ಬಿಡ್ರಿ, ಮಗೀಗೆ ತೊಂದ್ರೆ," ಎಂದು ತಾನೇ ಪ್ಲೇಟನ್ನು ತೆಗೆದುಕೊಂಡಳು.

ಇಷ್ಟು ದಿನ ತನಗಿಲ್ಲದ್ದು ಮಿಷಿನ್ ಒಂದೇ ಎಂದುಕೊಂಡಿದ್ದಳು. ತನ್ನ ಜೊತೆ ಸುಮ್ಮನೆ ಕೂರುವ ಒಬ್ಬರೂ ಬೇಕಿತ್ತೆಂಬುದು ವಾಪಸು ಬರುವ ಬಸ್ಸಿನಲ್ಲಿ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಕೂತಾಗ ಅವಳಿಗೆ ತಿಳಿಯಿತು. ಊರು ಸೇರುತ್ತಲೇ ಹಾಸ್ಟೆಲಿನ ಹೈಸ್ಕೂಲು ಹುಡುಗಿಯೊಬ್ಬಳ ಕೈಯಲ್ಲಿ ರಾಬಿನ್‌ಗೆ ಒಂದು ಕಾಗದ ಬರೆಸಿದಳು. 'ನಾನು ಚೆನ್ನಾಗಿದ್ದೇನೆ, ಪ್ಲೇಟೂ ಚೆನ್ನಾಗಿದೆ' ಎಂದಷ್ಟೇ. ಹಳೆಯ ಕಾರ್ಡಿನ ಮೇಲಿದ್ದ ವಿಳಾಸಕ್ಕೆ ಹಾಕಿದಳು. ಮುಟ್ಟಿತೋ ಇಲ್ಲವೋ, ಉತ್ತರ ಬರಲಿಲ್ಲ.

ಎಪ್ಪತ್ತೆಂಟರ ಆಷಾಢದಲ್ಲಿ, ಮದುವೆಗಳಿಲ್ಲದೆ ಮೈಕ್ ಸೆಟ್ ಅಂಗಡಿ ಬಣಗುಡುವ ಕಾಲದಲ್ಲಿ, ಜಂಪಣ್ಣ ಹಾಸ್ಟೆಲಿನ ಹಿಂಬಾಗಿಲಿಗೆ ಬಂದ. ಮೀಸೆ ನೆರೆತಿತ್ತು. ಮೆಟ್ಟಿಲು ಹತ್ತಿ ಬಂದಿದ್ದಕ್ಕೇ ಏದುಸಿರು ಬಿಡುತ್ತಿದ್ದ. ಮುದ್ದಕ್ಕ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

"ಬರ್ರಿ, ಕುಂತ್ಕಳ್ರಿ. ಏನಾದ್ರೂ ಕೆಲಸ ಇತ್ತಾ?"

"ಕೆಲಸ ಏನಿಲ್ಲಮ್ಮ." ಅವನು ಮಣೆಯ ಮೇಲೆ ಕೂತ. "ನೀನು ಅವತ್ತೊಂದು ಪ್ಲೇಟು ತಂದಿದ್ದೆಯಲ್ಲ, ಅದರಾಗೆ ಒಂದು ಹಾಡು ನಿಂತುಬಿಟ್ಟಿತ್ತು. ಗಂಗಾಧರಪ್ಪ ಬೈದ ಅಂತ ನಾನು ಮುಳ್ಳು ಎತ್ತಿದೆ. ಎತ್ತೋ ಹೊತ್ತಿಗೆ ಒಂದು ಏಟು ಬಿದ್ದಂಗಾಯ್ತು. ನಂಗೆ ಅವತ್ತಿಂದ ಅದೇ ತಲೇಲಿ ಐತೆ. ಅದು ಅಲ್ಲಿಗೆ ಮುಗೀತಾ, ಇಲ್ಲ ಮತ್ತೆ ಶುರುವಾಗ್ತಿತ್ತಾ?"

"ಶುರುವಾಗ್ತೈತೆ," ಎಂದಳು ಮುದ್ದಕ್ಕ.

"ಹಂಗಾದ್ರೆ ನಾನು ತಪ್ಪು ಮಾಡ್ದೆ. ಮೂವತ್ತು ವರ್ಷದಿಂದ ಪ್ಲೇಟು ಹಾಕಿದೀನಿ. ಯಾವ ಹಾಡೂ ಮನೆತನಕ ನನ್ ಜೊತೆ ಬಂದಿಲ್ಲ. ಇದೊಂದು ಅರ್ಧ ಹಾಡು ನಾಲ್ಕು ವರ್ಷ ಬಂತು ನೋಡು." ಅವನು ಎದ್ದ. "ನಾಳಿದ್ದು ಅಮಾವಾಸ್ಯೆ. ಮಧ್ಯಾಹ್ನ ಅಂಗಡಿ ಮುಚ್ಚಿರ್ತೀನಿ. ತಕಂಡು ಬಾ ಮುದ್ದಕ್ಕ, ಪೂರ್ತಿ ಕೇಳಾಣ."

ಅಮಾವಾಸ್ಯೆಯ ಮಧ್ಯಾಹ್ನ ಊಟದ ಕೆಲಸ ಮುಗಿಸಿ, ಕೊಟ್ರಮ್ಮನವರಿಂದ ಬಿಡುವು ಕೇಳಿಕೊಂಡು ಅವಳು ಹೋದಳು. ಜಂಪಣ್ಣ ಹಾರ್ನಿನ ತಂತಿ ಬಿಚ್ಚಿ ಒಂದು ಚಿಕ್ಕ ಮರದ ಸ್ಪೀಕರಿಗೆ ಕೊಟ್ಟಿದ್ದ. ಬಾಗಿಲ ಹಲಗೆಗಳನ್ನು ಜೋಡಿಸಿ, ಗಾಳಿಗೆಂದು ಒಂದನ್ನು ಮಾತ್ರ ತೆಗೆದಿಟ್ಟಿದ್ದ. ಮಿಷಿನ್ನಿಗೆ ಹೊಸ ಮುಳ್ಳು ಹಾಕಿದ್ದ. ಹೆಂಡತಿ ಗಿರಿಯಮ್ಮ ಒಳಗಿನ ಮನೆಯಿಂದ ಬಂದು ಮೂವರಿಗೂ ಚಾ ಇಟ್ಟು ಗೋಡೆ ಬದಿಗೆ ಹತ್ತಿ ಬಿಡಿಸುತ್ತ ಕೂತಳು. ಐದು ವರ್ಷದ ಮೇಲೆ ಮುದ್ದಕ್ಕ ಎರಡು ಮಗ್ಗುಲನ್ನೂ ಕೇಳಿದಳು. ಎರಡನೆಯ ಹಾಡು ನಿಂತಿತು. ಜಂಪಣ್ಣ ತಲೆಯೆತ್ತಿದ. ಏಟು ಬಿತ್ತು, ಎಲ್ಲವೂ ಎದ್ದು ಹೊರಟವು. ಅವನು ತೊಡೆಯ ಮೇಲೆ ಮೆಲ್ಲಗೆ ತಟ್ಟಿಕೊಂಡು, "ಹಾಂ," ಎಂದ. ಕೊನೆಯ ಹಾಡು ಮುಗಿಯುವವರೆಗೂ ಮೂವರೂ ಕೂತು ಕೇಳಿದರು.

ಆಮೇಲೆ ತಿಂಗಳಿಗೊಂದು ಸಲ, ಅಮಾವಾಸ್ಯೆಯ ಮಧ್ಯಾಹ್ನ, ಇದು ನಡೆದುಕೊಂಡು ಬಂತು. ಜಂಪಣ್ಣ ಇಂಗ್ಲಿಷ್ ತಿಳಿದವನಲ್ಲ. ಏನು ಹಾಡುತ್ತಾರೆಂದು ಕೇಳಲೂ ಇಲ್ಲ. ಮುದ್ದಕ್ಕನಿಗೆ ಮೊದಲು ಕೇಳಿದ್ದಕ್ಕೂ ಈಗ ಕೇಳುವುದಕ್ಕೂ ವ್ಯತ್ಯಾಸ ಕಾಣತೊಡಗಿತು. ಮೊದಲು ಜಗಳದಂತೆ ಕೇಳಿಸಿದ್ದ ಗಂಟಲಿನಲ್ಲಿ ಈಗ ಭಯ ಕೇಳಿಸುತ್ತಿತ್ತು. ಮೊದಲ ಸಲ ಮನೆ ಬಿಟ್ಟು ಬಂದ ಹುಡುಗರು, ತಮ್ಮನ್ನು ಯಾರು ಕೇಳುತ್ತಾರೆ ಎಂಬ ಅನುಮಾನದಲ್ಲೇ ಇದ್ದದ್ದನ್ನೆಲ್ಲ ಒಂದೇ ಸಲಕ್ಕೆ ಸುರಿದುಬಿಟ್ಟಿದ್ದಾರೆ ಅನ್ನಿಸುತ್ತಿತ್ತು. ಅವರಿಗೂ ಈಗ ವಯಸ್ಸಾಗುತ್ತ ಬಂದಿರಬೇಕು. ಪ್ಲೇಟಿನೊಳಗೆ ಮಾತ್ರ ಅವರು ಇನ್ನೂ ಏಳುವುದಿಲ್ಲ ಎಂದು ಕೂಗುತ್ತಲೇ ಇದ್ದರು.

ಊರಿನಲ್ಲಿ ಮಾತು ಹುಟ್ಟದೆ ಇರಲಿಲ್ಲ. ಗಂಡನನ್ನು ಬಿಟ್ಟವಳು, ಮೈಕ್ ಸೆಟ್ಟಿನವನ ಅಂಗಡಿ, ಮುಚ್ಚಿದ ಬಾಗಿಲು. ಕೊಟ್ರಮ್ಮನವರು ಒಮ್ಮೆ ಎಚ್ಚರಿಸಿದರು. "ನಂಗೆ ಗೊತ್ತು ನೀನೆಂಥವಳು ಅಂತ. ಆದ್ರೆ ಜನ ಸುಮ್ನಿರಲ್ಲ ಕಣೆ."

"ಗಿರಿಯಮ್ಮ ಅಲ್ಲೇ ಕುಂತಿರ್ತಾರೆ ಮೇಡಂ," ಎಂದಳು ಮುದ್ದಕ್ಕ. ಹೋಗುವುದನ್ನು ಬಿಡಲಿಲ್ಲ. ತನಗಾಗಿ ಅವಳು ಹಟ ಹಿಡಿದದ್ದು ಅದೊಂದೇ.

ಹನ್ನೊಂದು ಅಮಾವಾಸ್ಯೆಗಳಾದವು. ಹನ್ನೆರಡನೆಯದಕ್ಕೆ ಇನ್ನೂ ಐದು ದಿನವಿದ್ದಾಗ, ಎಪ್ಪತ್ತೊಂಬತ್ತರ ಮಳೆಗಾಲದಲ್ಲಿ, ಯಾವುದೋ ಹಳ್ಳಿಯ ಸಮಾರಂಭಕ್ಕೆ ಕಂಬಕ್ಕೆ ಹಾರ್ನು ಕಟ್ಟಿಸಿ ಬಂದ ಜಂಪಣ್ಣ ಎದೆ ನೋವೆಂದು ಕೂತವನು ಏಳಲಿಲ್ಲ. ಮುದ್ದಕ್ಕ ಹೆಂಗಸರ ಗುಂಪಿನ ಹಿಂದೆ ನಿಂತು ನೋಡಿ ಬಂದಳು. ತಾನು ಅವನಿಗೆ ಏನಾಗಬೇಕೆಂದು ಯಾರಾದರೂ ಕೇಳಿದ್ದರೆ ಹೇಳಲು ಅವಳಲ್ಲಿ ಒಂದು ಮಾತಿರಲಿಲ್ಲ. ಯಾರೂ ಕೇಳಲಿಲ್ಲ. ಅವಳು ಅಲ್ಲಿ ಅಳಲಿಲ್ಲ. ಹಾಸ್ಟೆಲಿಗೆ ಬಂದು ಈರುಳ್ಳಿ ಹೆಚ್ಚುವ ಹೊತ್ತಿಗೆ ಅತ್ತಳು.

ಎರಡು ತಿಂಗಳಾದ ಮೇಲೆ, ಅಮಾವಾಸ್ಯೆಯ ದಿನವೇ, ಗಿರಿಯಮ್ಮ ಹಾಸ್ಟೆಲಿಗೆ ಬಂದಳು. ಮೈಕ್ ಸೆಟ್ಟನ್ನೆಲ್ಲ ಹಿರಿಯೂರಿನಲ್ಲಿದ್ದ ಮೈದುನ ಸಣ್ಣತಿಮ್ಮಪ್ಪ ಬಂದು ಒಯ್ದಿದ್ದ. ಹಾರ್ನು, ತಂತಿ, ಮಿಷಿನ್, ಸ್ಪೀಕರು, ಎಲ್ಲವನ್ನೂ.

"ಮಿಷಿನ್ನು ಉಳಿಸ್ಕಬೇಕಿತ್ತು," ಎಂದಳು ಗಿರಿಯಮ್ಮ, ಹಿಂಬಾಗಿಲ ಮೆಟ್ಟಿಲ ಮೇಲೆ ಕೂರುತ್ತ. "ಲಾರಿ ಹೋದಮ್ಯಾಲೆ ನೆಪ್ಪಾಯ್ತು. ನಂಗೆ ಅವತ್ತು ತಲೆ ಓಡಲಿಲ್ಲ ಮುದ್ದಕ್ಕ."

"ಹೋಗ್ಲಿ ಬಿಡ್ರಿ. ನೀವು ಬಂದಿದ್ದು ಒಳ್ಳೇದಾಯ್ತು."

"ಇವತ್ತು ಮಧ್ಯಾಹ್ನ ಮನೇಲಿ ಕುಂತ್ಕಳಾಕೇ ಆಗ್ಲಿಲ್ಲ. ಮೂರು ಲೋಟ ಇಟ್ಟೆ, ಆಮೇಲೆ ತೆಗೆದಿಟ್ಟೆ." ಗಿರಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನಂಗೆ ಆ ಹಾಡು ಒಂದೂ ಹಿಡಿಸ್ಲಿಲ್ಲ ಕಣವ್ವ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಅದು ಹಾಡುವಾಗ ಅವ್ರ ಮುಖ ಒಂದು ಥರಾ ಆಗೋದು. ಮದುವೆ ಆದಾಗ ಹಂಗಿತ್ತು. ಅದಕ್ಕೇ ಕುಂತಿರ್ತಿದ್ದೆ."

ಮುದ್ದಕ್ಕ ಒಳಗೆ ಹೋಗಿ ಪ್ಲೇಟನ್ನು ತಂದು ಅವಳ ಕೈಗೆ ಕೊಟ್ಟಳು. ಗಿರಿಯಮ್ಮ ಹೊದಿಕೆಯ ಮೇಲಿದ್ದ ನಾಲ್ವರನ್ನು ಮೊದಲ ಸಲ ಹತ್ತಿರದಿಂದ ನೋಡಿದಳು. ಉದ್ದ ಕೂದಲಿನ, ಬಡಕಲು ಹುಡುಗರು. ಒಂದು ಇಟ್ಟಿಗೆ ಗೋಡೆಗೆ ಒರಗಿ, ಫೋಟೋ ತೆಗೆಯುವವನು ಬೇಗ ಮುಗಿಸಲಿ ಎಂಬಂತೆ ನಿಂತಿದ್ದರು.

"ಅಯ್ಯೋ, ಇವು ಇನ್ನೂ ಸಣ್ಣ ಮಕ್ಳಲ್ವೇನೆ! ಇವ್ರಾಗೆ ಹಾಡೋನು ಯಾವನು?"

ಮುದ್ದಕ್ಕ ಬಗ್ಗಿ ನೋಡಿದಳು. ಎಡಗಡೆಯವನಿರಬೇಕೆಂದು ಇಷ್ಟು ವರ್ಷವೂ ಅಂದುಕೊಂಡಿದ್ದಳು. ರಾಬಿನ್‌ನನ್ನು ಕೇಳಿರಲಿಲ್ಲ. ಈಗ ಕೇಳಲು ಯಾರೂ ಇರಲಿಲ್ಲ.

"ನಂಗೂ ಗೊತ್ತಿಲ್ಲ ಗಿರಿಯಮ್ಮ," ಎಂದಳು.

ಗಿರಿಯಮ್ಮ ಒಬ್ಬೊಬ್ಬನ ಮುಖವನ್ನೂ ನೋಡುತ್ತ, ಇವನಿರಲಾರ, ಇವನ ಬಾಯಿ ಚಿಕ್ಕದು, ಇವನಿದ್ದರೂ ಇರಬಹುದು ಎಂದು ಹೇಳುತ್ತ ಹೋದಳು. ಮುದ್ದಕ್ಕ ಅವಳ ಪಕ್ಕದ ಮೆಟ್ಟಿಲಲ್ಲಿ ಕೂತು ಕೇಳಿಸಿಕೊಂಡಳು. ಶಾಲೆ ಬಿಟ್ಟು ಹುಡುಗಿಯರು ಬರುವ ಹೊತ್ತಾಗಿತ್ತು. ಎದ್ದು ಒಲೆಗೆ ಎಸರಿಟ್ಟು, ಗಿರಿಯಮ್ಮನಿಗೂ ಒಂದು ತಟ್ಟೆ ತೊಳೆದು ಇಟ್ಟಳು.